ಕಾಲಾ ಅಜಾರ್ ಗುಟ್ಟು ಬಿಡಿಸಿದ ಮದ್ರಾಸಿನ ವೈದ್ಯ ಚಾರ್ಲ್ಸ್ ಡೊನೊವನ್

ಚೆನ್ನೈ: ವಾರಗಟ್ಟಲೆ ಬಿಡದ ಜ್ವರ, ಊದಿಕೊಂಡ ಗುಲ್ಮ. ಹಾಗಿದ್ದರೆ ಅದು ಮಲೇರಿಯಾ, ಕೊಡಬೇಕಾದ್ದು ಕ್ವಿನೈನ್. ನೂರಿಪ್ಪತ್ತು ವರ್ಷಗಳ ಹಿಂದೆ ವೈದ್ಯರು ಸಾಮಾನ್ಯವಾಗಿ ಪಾಲಿಸುತ್ತಿದ್ದ ರೂಢಿಯಿದು. ಕ್ವಿನೈನ್ ಕೊಟ್ಟರೂ ಜ್ವರ ಇಳಿಯದೆ ಎಷ್ಟೋ ರೋಗಿಗಳು ಸಾಯುತ್ತಿದ್ದರು. ಆ ರೂಢಿಯನ್ನು ಪ್ರಶ್ನಿಸಿದವರಲ್ಲಿ ಒಬ್ಬರು ಮದ್ರಾಸಿನ ವೈದ್ಯ ಚಾರ್ಲ್ಸ್ ಡೊನೊವನ್.

ಡೊನೊವನ್ ಹುಟ್ಟಿದ್ದು 1863ರಲ್ಲಿ, ಕೋಲ್ಕತ್ತಾದಲ್ಲಿ. ಓದಿದ್ದು ಐರ್ಲೆಂಡ್‌ನಲ್ಲಿ. 1891ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದ ಅವರು, ಮುಂದೆ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಪಾಠದ ಜತೆಗೆ ಜನರಲ್ ಆಸ್ಪತ್ರೆಯಲ್ಲಿ ರೋಗಿಗಳನ್ನೂ ನೋಡುತ್ತಿದ್ದರು.

ಮಲೇರಿಯಾ ಎಂದು ದಾಖಲಾದ ಕೆಲವು ರೋಗಿಗಳ ರಕ್ತದಲ್ಲಿ ಮಲೇರಿಯಾ ಪರಾವಲಂಬಿಯೇ ಸಿಗುತ್ತಿರಲಿಲ್ಲ. ಹೀಗೆ ಸತ್ತವರ ಗುಲ್ಮವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಡೊನೊವನ್ ಅವರಿಗೆ ದುಂಡಗಿನ ಪುಟ್ಟ ಕಾಯಗಳು ಕಂಡವು. ಇಂಗ್ಲೆಂಡ್‌ನಲ್ಲಿದ್ದ ವಿಲಿಯಂ ಲೀಶ್‌ಮನ್ ಇಂಥವೇ ಕಾಯಗಳ ಬಗ್ಗೆ 1903ರ ಮೇ ತಿಂಗಳಲ್ಲಿ ವರದಿ ಪ್ರಕಟಿಸಿದರು. ದಮ್‌ದಮ್‌ನಿಂದ ಮರಳಿ ಸತ್ತ ಸೈನಿಕನೊಬ್ಬನ ಗುಲ್ಮದಲ್ಲಿ ಅವರು ಅವನ್ನು ಕಂಡಿದ್ದರು. ಆದರೆ ಶವದಲ್ಲಿ ಸಿಕ್ಕಿದ್ದು ರೋಗಾಣುವೇ, ಸತ್ತ ಮೇಲೆ ಆದ ಬದಲಾವಣೆಯೇ ಎಂಬ ಅನುಮಾನ ಉಳಿದಿತ್ತು.

ಅದಕ್ಕೆ ಉತ್ತರ ಸಿಕ್ಕಿದ್ದು ಮದ್ರಾಸಿನಲ್ಲಿ. ಜೂನ್‌ನಲ್ಲಿ ಡೊನೊವನ್, ಜ್ವರದಿಂದ ನರಳುತ್ತಿದ್ದ ಬಾಲಕನೊಬ್ಬನ ಗುಲ್ಮಕ್ಕೆ ಸೂಜಿ ಚುಚ್ಚಿ ರಕ್ತ ತೆಗೆದರು. ಅದರಲ್ಲೂ ಅವೇ ಕಾಯಗಳಿದ್ದವು. ಜುಲೈನಲ್ಲಿ ಅವರ ವರದಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು.

ಮೊದಲು ಕಂಡುಹಿಡಿದವರು ಯಾರು ಎಂಬ ವಿವಾದವೂ ಎದ್ದಿತು. ಹಿಂದೆ ಬೆಂಗಳೂರಿನಲ್ಲೂ ಸೇವೆ ಸಲ್ಲಿಸಿದ್ದ ರೊನಾಲ್ಡ್ ರಾಸ್ ಇದು ಹೊಸ ಜೀವಿ ಎಂದು ಗುರುತಿಸಿ, ಇಬ್ಬರ ಹೆಸರನ್ನೂ ಸೇರಿಸಿ 'ಲೀಶ್ಮೇನಿಯಾ ಡೊನೊವಾನಿ' ಎಂದು ಕರೆದರು. ಲೀಶ್‌ಮನ್ ಮುಂದೆ 'ಸರ್' ಆದರು. ಡೊನೊವನ್ ಅವರಿಗೆ ಆ ಗೌರವ ಸಿಗಲಿಲ್ಲ.

1905ರಲ್ಲಿ ಡೊನೊವನ್ ಮತ್ತೊಂದು ರೋಗದ ಕಾರಣವನ್ನೂ ಪತ್ತೆಹಚ್ಚಿದರು. ಆ ಲೈಂಗಿಕ ರೋಗಕ್ಕೆ ಇಂದು 'ಡೊನೊವನೋಸಿಸ್' ಎನ್ನುತ್ತಾರೆ. ರಾಯಪೇಟೆ ಆಸ್ಪತ್ರೆಯ ಮುಖ್ಯಸ್ಥರಾಗಿಯೂ ದುಡಿದ ಅವರು, ನಿವೃತ್ತಿಯ ಬಳಿಕ ಇಂಗ್ಲೆಂಡ್‌ನಲ್ಲಿ ನೆಲೆಸಿ ತಮ್ಮ ಪ್ರೀತಿಯ ಚಿಟ್ಟೆಗಳ ಅಧ್ಯಯನದಲ್ಲಿ ಮುಳುಗಿದರು. 1951ರಲ್ಲಿ ತೀರಿಕೊಂಡರು.

ಕಾಲಾ ಅಜಾರ್‌ಗೆ ಇಂದು ಸ್ಪಷ್ಟ ಚಿಕಿತ್ಸಾ ಮಾರ್ಗಸೂಚಿಯಿದೆ. ಬಿಹಾರ, ಜಾರ್ಖಂಡ್‌ನಂಥ ಪೀಡಿತ ಪ್ರದೇಶದವರಿಗೆ ಎರಡು ವಾರ ಮೀರಿದ ಜ್ವರವಿದ್ದು, ಗುಲ್ಮ ಊದಿದ್ದರೆ ಆರ್‌ಕೆ39 ಪರೀಕ್ಷೆ ಮಾಡಬೇಕು. ರೋಗ ಖಚಿತವಾದರೆ ಲೈಪೊಸೋಮಲ್ ಆಂಫೊಟೆರಿಸಿನ್ ಬಿ ಒಂದೇ ಡೋಸ್ ನೀಡಬೇಕು. ಮೊದಲು ಪರೀಕ್ಷೆ, ಆಮೇಲೆ ಔಷಧ. ರೂಢಿಗೆ ಜೋತುಬೀಳದ ಡೊನೊವನ್ 1903ರಲ್ಲಿ ಹಿಡಿದದ್ದೂ ಇದೇ ದಾರಿ.