ಕಣ್ಣಿಗೆ ಬಿದ್ದ ಹೊಟ್ಟು ಮತ್ತು ಡಾ. ಲೇಬರ್ ಕಂಡ ಶಿಲೀಂಧ್ರ

ಕಣ್ಣಿಗೆ ಹೊಟ್ಟು ಬಿದ್ದರೆ ತೊಳೆದರೆ ಸಾಕೇ? ಕರಿಗುಡ್ಡೆಯ ಮುಂದಿರುವ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಗೀರಿದ್ದರೆ ಸಾಲದು. ಅಲ್ಲಿ ಶಿಲೀಂಧ್ರ ಬೇರೂರಬಹುದು ಎಂದು ಮೊದಲು ದಾಖಲಿಸಿದವರು ಜರ್ಮನಿಯ ಥಿಯೋಡರ್ ಲೇಬರ್.

1840ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಹುಟ್ಟಿದ ಲೇಬರ್ ಹೈಡೆಲ್‌ಬರ್ಗ್‌ನಲ್ಲಿ ವೈದ್ಯಕೀಯ ಓದಿದರು; ಮುಂದೆ ಗಟ್ಟಿಂಗೆನ್‌ನಲ್ಲಿ ನೇತ್ರವಿಜ್ಞಾನದ ಪ್ರಾಧ್ಯಾಪಕರಾದರು. 1871ರಲ್ಲಿ ಅವರು ವಿವರಿಸಿದ ಆನುವಂಶಿಕ ದೃಷ್ಟಿನರ ರೋಗಕ್ಕೆ ಇಂದಿಗೂ ಅವರದೇ ಹೆಸರಿದೆ. ಕಾರ್ನಿಯಾದ ಒಳಪದರವು ಕಣ್ಣೊಳಗಿನ ನೀರು ನುಗ್ಗದಂತೆ ತಡೆಯುತ್ತದೆ ಎಂದು 1873ರಲ್ಲಿ ತೋರಿಸಿದರು.

1879ರಲ್ಲಿ, ಓಟ್ಸ್ ಹೊಟ್ಟು ತಾಗಿ ಕಣ್ಣು ಹುಣ್ಣಾಗಿದ್ದ ರೈತನೊಬ್ಬನ ಕಾರ್ನಿಯಾದಲ್ಲಿ ಆಸ್ಪರ್ಜಿಲಸ್ ಶಿಲೀಂಧ್ರವನ್ನು ಗುರುತಿಸಿದರು. ಕಾರಣ ಸಿಕ್ಕಿತು, ಔಷಧ ಇರಲಿಲ್ಲ. ಲೇಬರ್ 1917ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ತೀರಿಕೊಂಡರು. ಶಿಲೀಂಧ್ರ ಕೊಲ್ಲುವ ನಟಾಮೈಸಿನ್ ಪತ್ತೆಯಾದದ್ದು 1950ರ ದಶಕದಲ್ಲಿ.

ಅದಕ್ಕೂ ಕಾರ್ನಿಯಾ ಸುಲಭವಾಗಿ ದಾರಿ ಬಿಡದು. ಹೊರಪದರಕ್ಕೆ ಜಿಡ್ಡಿನ ಗುಣ, ನಡುಪದರಕ್ಕೆ ನೀರಿನ ಗುಣ. ನಟಾಮೈಸಿನ್‌ನ ದೊಡ್ಡ ಅಣುಗಳಲ್ಲಿ ಬಹುಪಾಲು ಹೊರಗೇ ಉಳಿಯುತ್ತವೆ. ಹಾಗಾಗಿ ವೈದ್ಯರು ಕೆಲವೊಮ್ಮೆ ಹುಣ್ಣಿನ ಮೇಲ್ಪದರ ಕೆರೆದು ತೆಗೆಯುತ್ತಾರೆ. ಮೊದಮೊದಲು ಗಂಟೆಗೊಮ್ಮೆ ಹನಿ ಹಾಕಿಸುತ್ತಾರೆ.

ಔಷಧದಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿಯಿಂದ ಕೆಂಪು ಇಳಿಯಬಹುದು, ಆದರೆ ಶಿಲೀಂಧ್ರ ಹೆಚ್ಚುತ್ತದೆ. ಭತ್ತ ಬಡಿಯುವಾಗ ಕಣ್ಣಿಗೆ ಪೆಟ್ಟಾಗಿ ನೋವು, ಮಬ್ಬು ಕಾಣಿಸಿದರೆ ತಡಮಾಡದೆ ನೇತ್ರತಜ್ಞರಿಗೆ ತೋರಿಸಿ.