ಹಾಫ್‌ಕಿನ್ ಮತ್ತು ಆ ಒಂದು ಬಾಟಲಿ

ಮುಂಬೈ ಪರೇಲಿನ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಹೆಸರು ನೀವು ಕೇಳಿರಬಹುದು. ಆ ಹೆಸರಿನ ಮನುಷ್ಯ ಯಾರು ಅಂತ ಗೊತ್ತಿರುವವರು ಕಡಿಮೆ. ನಾನು ಹುಬ್ಬಳ್ಳಿಯವನು. ನಮ್ಮೂರಿಗೂ ಅವರ ಲಸಿಕೆಗೂ ಹಳೆಯ ನಂಟು ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ವಾಲ್ಡೆಮಾರ್ ಹಾಫ್‌ಕಿನ್ ಹುಟ್ಟಿದ್ದು 1860ರಲ್ಲಿ, ಒಡೆಸ್ಸಾದ ಯಹೂದಿ ಮನೆತನದಲ್ಲಿ. ಆಗ ಅದು ರಷ್ಯಾ ಚಕ್ರವರ್ತಿಯ ರಾಜ್ಯ. ತಮ್ಮ ಧರ್ಮ ಬಿಡಲು ಒಪ್ಪದ್ದರಿಂದ ಅಲ್ಲಿ ಪ್ರೊಫೆಸರ್ ಕೆಲಸ ಸಿಗಲಿಲ್ಲ. ಪ್ಯಾರಿಸ್ಸಿಗೆ ಹೋಗಿ ಪಾಶ್ಚರ್ ಸಂಸ್ಥೆಯಲ್ಲಿ ಮೊದಲು ಹಿಡಿದದ್ದು ಗ್ರಂಥಾಲಯದ ಕೆಲಸ. ಪರದೇಶಕ್ಕೆ ಬಂದ ನಮಗೇನು ಇದು ಹೊಸದೇ? ಸಿಕ್ಕ ಕೆಲಸದಿಂದ ಶುರು ಮಾಡಬೇಕು. ಅಲ್ಲೇ ಕಾಲರಾಕ್ಕೆ ಲಸಿಕೆ ತಯಾರಿಸಿ, 1892ರಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮರುವರ್ಷ ಕಲ್ಕತ್ತಾಕ್ಕೆ ಬಂದರು. ಅವರು ಓದಿದ್ದು ಪ್ರಾಣಿಶಾಸ್ತ್ರ, ಡಾಕ್ಟರ್ ಅಲ್ಲ. ಸರ್ಕಾರಿ ವೈದ್ಯಾಧಿಕಾರಿಗಳಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ.

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಸಣ್ಣ ಜಾಗ, ಒಬ್ಬ ಗುಮಾಸ್ತ, ಮೂವರು ಜವಾನರು, ಇಷ್ಟರಲ್ಲೇ ಮೂರು ತಿಂಗಳಲ್ಲಿ ಲಸಿಕೆ ಸಿದ್ಧವಾಯಿತು. 1897ರ ಜನವರಿ 10ರಂದು ಮತ್ತೆ ಮೊದಲ ಸೂಜಿ ತಮಗೇ. 1898ರಲ್ಲಿ ಪ್ಲೇಗ್ ನಮ್ಮ ಹುಬ್ಬಳ್ಳಿಗೂ ಬಂದಾಗ ಸಾವಿರಾರು ಜನ ಇದೇ ಲಸಿಕೆ ಹಾಕಿಸಿಕೊಂಡರು.

ಪೆಟ್ಟು ಬಿದ್ದದ್ದು 1902ರ ಅಕ್ಟೋಬರ್‌ನಲ್ಲಿ. ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಆ ದಿನ 107 ಜನರಿಗೆ ಸೂಜಿ ಹಾಕಿದರು. ಅವರಲ್ಲಿ 19 ಜನ ಧನುರ್ವಾಯು ಬಂದು ಸತ್ತರು. 19 ಮಂದಿಗೂ ಮದ್ದು ಹೋದದ್ದು ಒಂದೇ ಬಾಟಲಿಯಿಂದ. ಬೇರೆ ಬಾಟಲಿಯವರಿಗೆ ಏನೂ ಆಗಲಿಲ್ಲ. ಆದರೂ ತಪ್ಪು ಮುಂಬೈಯದ್ದೇ ಅಂತ ವಿಚಾರಣೆಯವರು ಬರೆದರು. ಹಾಫ್‌ಕಿನ್ ಕಾರ್ಬೋಲಿಕ್ ಆ್ಯಸಿಡ್ ಬಿಟ್ಟು, ಕಾಸಿ ಶುದ್ಧ ಮಾಡುವ ಪದ್ಧತಿ ತಂದದ್ದೇ ಕಾರಣ ಅಂದರು. ಅವರನ್ನು ಕೆಲಸದಿಂದ ಇಳಿಸಿದರು.

ನಮ್ಮ ಲೈನಿನವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಂದು ಸರ್ಕ್ಯೂಟ್ ಮಾತ್ರ ಟ್ರಿಪ್ ಆಗಿ ಉಳಿದವು ನಡೆಯುತ್ತಿದ್ದರೆ ಮೇನ್ ಸಪ್ಲೈಯನ್ನು ಯಾರೂ ಬೈಯುವುದಿಲ್ಲ, ಆ ಲೈನನ್ನೇ ಹಿಡಿದು ಹುಡುಕುತ್ತಾರೆ. ಹಾಗೆ ಹುಡುಕಿದ್ದರೆ ಸಿಗುತ್ತಿತ್ತು. ಆ ಬಾಟಲಿಯ ಬೂಚು ತೆಗೆಯುವ ಚಿಮಟ ಹಳ್ಳಿಯಲ್ಲಿ ಸಹಾಯಕನ ಕೈಯಿಂದ ಮಣ್ಣಿಗೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧ ಮಾಡದೆ ಬಾಟಲಿಗೆ ಹಾಕಿದ್ದರು. ಧನುರ್ವಾಯುವಿನ ಕ್ರಿಮಿ ಇರುವುದೇ ಮಣ್ಣಿನಲ್ಲಿ. ನಾನಿದ್ದ ಒಂದು ಸೈಟಿನಲ್ಲೂ ಡಿ.ಬಿ. ಸುಟ್ಟಾಗ, ಕವರ್ ಬಿಚ್ಚುವ ಮೊದಲೇ ರಿಪೋರ್ಟಿನಲ್ಲಿ ಎಲೆಕ್ಟ್ರಿಷಿಯನ್ ಹೆಸರು ಬಂದಿತ್ತು. ಇರಲಿ ಬಿಡಿ.

ಹಾಫ್‌ಕಿನ್ ಸುಮ್ಮನೆ ಕೂರಲಿಲ್ಲ. ಸೊಳ್ಳೆಯಲ್ಲಿ ಮಲೇರಿಯಾ ಕ್ರಿಮಿ ಕಂಡುಹಿಡಿದ ರೊನಾಲ್ಡ್ ರಾಸ್ ಮತ್ತು ಇತರ ತಜ್ಞರು 1907ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದು ಅವರ ಪರ ನಿಂತರು. ಉಷ್ಣವಲಯದ ರೋಗಗಳ ವೈದ್ಯರ ಸಂಘ ಲಂಡನ್ನಿನಲ್ಲಿ ಹುಟ್ಟಿದ್ದೂ ಅದೇ ವರ್ಷ. ರಾಸ್ ಮುಂದೆ ಅದರ ಅಧ್ಯಕ್ಷರೂ ಆದರು. ಅಂಥವರ ಮಾತಿಗೆ ತೂಕ ಬಂತು. ಸರ್ಕಾರ ಆರೋಪ ಕೈಬಿಟ್ಟು ಹಾಫ್‌ಕಿನ್‌ರನ್ನು ಮತ್ತೆ ಕೆಲಸಕ್ಕೆ ಕರೆಯಿತು. ಆದರೆ ಕೊಟ್ಟದ್ದು ಕಲ್ಕತ್ತಾ. ತಾವೇ ಕಟ್ಟಿದ ಪರೇಲಿನ ಲ್ಯಾಬೋರೇಟರಿ ಅವರ ಕೈಗೆ ತಿರುಗಿ ಬರಲಿಲ್ಲ. 1914ರಲ್ಲಿ ನಿವೃತ್ತರಾಗಿ ಯುರೋಪಿಗೆ ಹೋದರು.

1925ರಲ್ಲಿ ಅದೇ ಪರೇಲಿನ ಲ್ಯಾಬೋರೇಟರಿಗೆ ಅವರ ಹೆಸರಿಟ್ಟರು. ಆಗ ಅವರು ಬದುಕಿದ್ದರು. ತೀರಿಕೊಂಡದ್ದು 1930ರಲ್ಲಿ, ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ.