ನಾಟಕರತ್ನ ಗುಬ್ಬಿ ವೀರಣ್ಣ (1891–1972)

ಕನ್ನಡ ವೃತ್ತಿರಂಗಭೂಮಿಯ ಇತಿಹಾಸದಲ್ಲಿ ನಟ, ನಿರ್ದೇಶಕ, ಕಂಪನಿಯ ಒಡೆಯ ಹಾಗೂ ಚಲನಚಿತ್ರ ನಿರ್ಮಾಪಕರಾಗಿ ಹೆಸರು ಗಳಿಸಿದ ಗುಬ್ಬಿ ವೀರಣ್ಣನವರು 1891ರಲ್ಲಿ ತುಮಕೂರು ಜಿಲ್ಲೆಯಲ್ಲಿ ಜನಿಸಿದರು. ಗುಬ್ಬಿಯಲ್ಲಿ 1884ರಲ್ಲಿ ಚಂದಣ್ಣ ಮತ್ತು ಅಬ್ದುಲ್ ಅಜೀಜ್ ಸಾಹೇಬರು ಮೊದಲಾದವರು ಸ್ಥಾಪಿಸಿದ್ದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವನ್ನು ಬಾಲ್ಯದಲ್ಲಿಯೇ ಸೇರಿದ ಅವರಿಗೆ ಆ ಸಂಘವೇ ಪಾಠಶಾಲೆಯಾಯಿತು. ಬಾಲನಟನಾಗಿ ಸೇರಿದವರು 1917ರ ವೇಳೆಗೆ ಅದರ ಒಡೆತನ ವಹಿಸಿಕೊಂಡರು.

ನಟರಾಗಿ ಅವರ ಪ್ರತಿಭೆ ಹಾಸ್ಯದಲ್ಲಿತ್ತು. 'ಸದಾರಮೆ' ನಾಟಕದ ಕಳ್ಳನ ಪಾತ್ರವು ಅವರಿಗೆ ನಾಡಿನಾದ್ಯಂತ ಪ್ರಸಿದ್ಧಿ ತಂದಿತು. ಸಾಮಾನ್ಯವಾಗಿ ರಾಜಪಾತ್ರಧಾರಿಗೆ ದೊರೆಯುತ್ತಿದ್ದ ಮನ್ನಣೆಯನ್ನು ಹಾಸ್ಯನಟನೊಬ್ಬ ಪಡೆದುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಪುರುಷರೇ ಸ್ತ್ರೀಪಾತ್ರ ವಹಿಸುತ್ತಿದ್ದ ಕಾಲದಲ್ಲಿ ಅವರು ಕಲಾವಿದೆಯರಿಗೆ ತಮ್ಮ ಕಂಪನಿಯಲ್ಲಿ ಸ್ಥಾನ ಕಲ್ಪಿಸಿದರು. ಬಿ. ಜಯಮ್ಮನವರು ಈ ರಂಗದಿಂದಲೇ ಖ್ಯಾತಿಗೆ ಬಂದವರು. 1934ರಲ್ಲಿ ಬೆಂಗಳೂರಿನಲ್ಲಿ ಪ್ರಯೋಗಗೊಂಡ 'ಕುರುಕ್ಷೇತ್ರ' ನಾಟಕದಲ್ಲಿ ಜೀವಂತ ಆನೆ, ಕುದುರೆಗಳನ್ನೇ ರಂಗಕ್ಕೆ ತರಲಾಗಿತ್ತು.

ಇಂತಹ ವೈಭವದ ಹಿಂದೆ ದೊಡ್ಡ ಹೊಣೆಯಿತ್ತು. ನಟರು, ವಾದ್ಯಗಾರರು, ಪರದೆ ಬರೆಯುವವರು, ಅಡುಗೆಯವರು ಮತ್ತು ಅವರ ಕುಟುಂಬಗಳೆಲ್ಲ ಕಂಪನಿಯೊಂದಿಗೆ ಊರಿಂದೂರಿಗೆ ಸಾಗುತ್ತಿದ್ದವು. ಮಳೆ ಹಿಡಿದು ಆಟ ನಿಂತರೂ ಅಷ್ಟು ಜನರ ಊಟ ನಿಲ್ಲುವಂತಿರಲಿಲ್ಲ. ಕನ್ನಡ ನಾಡಿನ ಆಚೆಗೂ ಮೊಕ್ಕಾಂ ಮಾಡಿದ ಕಂಪನಿಯು ತೆಲುಗು, ತಮಿಳು ನಾಟಕಗಳನ್ನೂ ಆಡಿತು.

ಚಲನಚಿತ್ರವು ರಂಗಭೂಮಿಗೆ ಪ್ರತಿಸ್ಪರ್ಧಿಯಾಗಿ ಬೆಳೆಯುತ್ತಿದ್ದಾಗ ವೀರಣ್ಣನವರು ಅದನ್ನು ದೂರವಿಡದೆ ಮೂಕಿ ಚಿತ್ರಗಳ ಕಾಲದಲ್ಲಿಯೇ ಆ ಕ್ಷೇತ್ರಕ್ಕಿಳಿದರು. ರಾಫೆಲ್ ಆಲ್ಗೋಯೆಟ್ ನಿರ್ದೇಶನದ 'ಹಿಸ್ ಲವ್ ಅಫೇರ್' (1931) ಆ ಪ್ರಯತ್ನಗಳಲ್ಲೊಂದು. ಆದರೂ ನಾಟಕವನ್ನು ಅವರು ಕೈಬಿಡಲಿಲ್ಲ. ಮುಂದೆ ಅವರ ಸಂಸ್ಥೆಯ ಸಹಭಾಗಿತ್ವದಲ್ಲಿ ತಯಾರಾದ 'ಬೇಡರ ಕಣ್ಣಪ್ಪ' (1954) ಚಿತ್ರವು ಡಾ. ರಾಜ್‌ಕುಮಾರ್ ಅವರನ್ನು ನಾಯಕನಟರನ್ನಾಗಿ ಪರಿಚಯಿಸಿತು. ರಾಜ್‌ಕುಮಾರ್ ಅವರೂ, ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ಗುಬ್ಬಿ ಕಂಪನಿಯಲ್ಲಿ ಬಣ್ಣ ಹಚ್ಚಿದವರೇ. ಜಿ.ವಿ. ಅಯ್ಯರ್ ಅವರೂ ಇಲ್ಲಿಂದ ಬಂದವರು. ಮನೆ ಬಿಟ್ಟು ಬಂದು ಕಂಪನಿ ಸೇರಿದ್ದ ಬಾಲಕ ಬಿ.ವಿ. ಕಾರಂತರನ್ನು ವೀರಣ್ಣನವರು ಉನ್ನತ ವ್ಯಾಸಂಗಕ್ಕಾಗಿ ಬನಾರಸಿಗೆ ಕಳುಹಿಸಿದರು. ವೃತ್ತಿರಂಗಭೂಮಿಯ ಮಡಿಲಲ್ಲಿ ಬೆಳೆದ ಆ ಹುಡುಗ ಮುಂದೆ ಆಧುನಿಕ ಭಾರತೀಯ ರಂಗಭೂಮಿಯ ಪ್ರಮುಖ ನಿರ್ದೇಶಕರಾದರು.

ಮೈಸೂರು ಮಹಾರಾಜರಿಂದ 'ನಾಟಕರತ್ನ' ಬಿರುದು, 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಹಾಗೂ 1972ರಲ್ಲಿ ಪದ್ಮಶ್ರೀ ಪ್ರಶಸ್ತಿ ಅವರಿಗೆ ಸಂದವು. ತಮ್ಮ ಜೀವನವನ್ನು ಅವರು 'ಕಲೆಯೇ ಕಾಯಕ' ಎಂಬ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಪದ್ಮಶ್ರೀ ದೊರೆತ ವರ್ಷವೇ, ಅಕ್ಟೋಬರ್ 18ರಂದು, ಬೆಂಗಳೂರಿನಲ್ಲಿ ನಿಧನರಾದರು. ಅವರ ಮೊಮ್ಮಗಳು ಬಿ. ಜಯಶ್ರೀ ಅವರು ರಂಗಭೂಮಿಯಲ್ಲಿ ನಟಿ, ಗಾಯಕಿ ಹಾಗೂ ನಿರ್ದೇಶಕಿಯಾಗಿ ಹೆಸರಾದರು. ರಂಗಭೂಮಿಗೆ ಸೇವೆ ಸಲ್ಲಿಸಿದವರಿಗಾಗಿ ಕರ್ನಾಟಕ ಸರ್ಕಾರವು ಗುಬ್ಬಿ ವೀರಣ್ಣ ಪ್ರಶಸ್ತಿಯನ್ನು ಸ್ಥಾಪಿಸಿದೆ.